ಕಾಣದ ಆಟದ ಹಳಹಳಿಕೆ

1965ರ ಸೆಪ್ಟೆಂಬರ್ 9ರ ರಾತ್ರಿ, ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂ. ಎಂಟು ಇನಿಂಗ್ಸ್ ಮುಗಿದಿವೆ. ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್ ಎದುರು ಷಿಕಾಗೊ ಕಬ್ಸ್ ತಂಡದ ಒಬ್ಬನೇ ಒಬ್ಬ ಬ್ಯಾಟರ್ ಕೂಡ ಮೊದಲ ಬೇಸ್ ಮುಟ್ಟಿಲ್ಲ. ಇನ್ನು ಮೂರು ಔಟ್ ಸಿಕ್ಕರೆ ‘ಪರ್ಫೆಕ್ಟ್ ಗೇಮ್’. ಇಪ್ಪತ್ತೇಳು ಮಂದಿ ಬರಬೇಕು, ಇಪ್ಪತ್ತೇಳು ಮಂದಿಯೂ ಬರಿಗೈಯಲ್ಲಿ ಹೋಗಬೇಕು. ಬೇಸ್‌ಬಾಲ್‌ನಲ್ಲಿ ಪಿಚರ್‌ನ ಅತಿ ಅಪರೂಪದ ಸಾಧನೆಗಳಲ್ಲಿ ಇದೊಂದು. ರೇಡಿಯೊ ಕಾಮೆಂಟರಿಯಲ್ಲಿದ್ದ ವಿನ್ ಸ್ಕಲ್ಲಿ ಆಗೊಂದು ವಿಚಿತ್ರ ಕೆಲಸ ಮಾಡಿದರು. ಆಟದ ನಡುನಡುವೆ ಗಡಿಯಾರ ನೋಡಿ ಸಮಯ ಹೇಳತೊಡಗಿದರು. ಈ ಇನಿಂಗ್ಸ್‌ನ ರೆಕಾರ್ಡಿಂಗ್ ಮುಂದೆ ಕೋಫ್ಯಾಕ್ಸ್ ಕೈಗೆ ಸಿಕ್ಕಾಗ ಅದರಲ್ಲಿ ದಿನಾಂಕದ ಜೊತೆಗೆ ಗಂಟೆ, ನಿಮಿಷವೂ ಇರಲಿ ಎಂಬುದು ಅವರ ಆಸೆ. ಕೊನೆಯ ಬ್ಯಾಟರ್ ಔಟಾದಾಗ ರಾತ್ರಿ 9 ಗಂಟೆ 46 ನಿಮಿಷ. ಆಮೇಲೆ ಸ್ಕಲ್ಲಿ ಸುಮಾರು ಅರ್ಧ ನಿಮಿಷ ಬಾಯಿ ತೆರೆಯಲಿಲ್ಲ. ಸುಮಾರು 29 ಸಾವಿರ ಜನರ ಗದ್ದಲವನ್ನಷ್ಟೇ ಕೇಳಲು ಬಿಟ್ಟರು.

ಆ ಪಂದ್ಯ ಟಿವಿಯಲ್ಲಿ ಬರಲಿಲ್ಲ. ಮೈದಾನದಲ್ಲಿದ್ದವರನ್ನು ಬಿಟ್ಟರೆ ಯಾರೂ ಅದನ್ನು ಕಣ್ಣಾರೆ ಕಾಣಲಿಲ್ಲ. ಆದರೂ ಆ ರಾತ್ರಿಯನ್ನು ನೆನೆದು ಕಣ್ಣು ತುಂಬಿಕೊಳ್ಳುವ ಅಮೆರಿಕನ್ನರಿಗೆ ಲೆಕ್ಕವಿಲ್ಲ. ಅವರಲ್ಲಿ ಅಂದು ಹುಟ್ಟಿಯೇ ಇರದವರೂ ಇದ್ದಾರೆ.

ಇಲ್ಲೊಂದು ತೊಡಕಿದೆ. ಕಳೆದುಹೋದದ್ದಕ್ಕೆ ಮನಸ್ಸು ಹಂಬಲಿಸುತ್ತದೆ ಎನ್ನುವುದು ಸಹಜ. ಊರು ಬಿಟ್ಟವನಿಗೆ ಊರಿನ ನೆನಪು, ತಾಯಿಯನ್ನು ಕಳೆದುಕೊಂಡವನಿಗೆ ತಾಯಿಯ ನೆನಪು. ರೇಡಿಯೊದಲ್ಲಿ ಬೇಸ್‌ಬಾಲ್ ಕೇಳಿ ಬೆಳೆದವನ ಹಂಬಲ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವನು ಯಾವ ಹಸಿರು ಮೈದಾನಕ್ಕಾಗಿ ಹಳಹಳಿಸುತ್ತಾನೋ ಆ ಮೈದಾನ ಅಂದೂ ಅವನೆದುರು ಇರಲಿಲ್ಲ. ಎಂದೂ ಕೈಗೆ ಸಿಗದಿದ್ದುದನ್ನು ಕಳೆದುಕೊಳ್ಳುವುದು ಹೇಗೆ? ಅಂಥ ಹಂಬಲ ಬರೀ ಭ್ರಮೆಯೇ?

ಈ ಹಂಬಲದ ಚರಿತ್ರೆ ಶುರುವಾಗುವುದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗ್‌ನಲ್ಲಿ. ವೆಸ್ಟಿಂಗ್‌ಹೌಸ್ ಕಂಪನಿಯ ಯುವ ಎಂಜಿನಿಯರ್ ಹೆರಾಲ್ಡ್ ಆರ್ಲಿನ್ ಫೋರ್ಬ್ಸ್ ಫೀಲ್ಡ್‌ನಲ್ಲಿ ಹೋಮ್ ಪ್ಲೇಟ್ ಹಿಂದಿನ ಸೀಟಿನಲ್ಲಿ ಕೂತು, ಟೆಲಿಫೋನನ್ನೇ ಮೈಕ್ ಮಾಡಿಕೊಂಡು, ಕೆಡಿಕೆಎ ಕೇಂದ್ರದ ಮೂಲಕ ಪೈರೇಟ್ಸ್ ಮತ್ತು ಫಿಲ್ಲೀಸ್ ಪಂದ್ಯವನ್ನು ವಿವರಿಸಿದರು. ಪೈರೇಟ್ಸ್ 8-5ರಿಂದ ಗೆದ್ದಿತು. ತಂಡದ ಮಾಲೀಕರಿಗೆ ಮೊದಮೊದಲು ರೇಡಿಯೊ ಎಂದರೆ ದಿಗಿಲು. ಮನೆಯಲ್ಲೇ ಪುಕ್ಕಟೆ ಕೇಳಲು ಸಿಕ್ಕರೆ ಟಿಕೆಟ್ ಕೊಳ್ಳುವವರು ಯಾರು? ನ್ಯೂಯಾರ್ಕಿನ ಮೂರು ತಂಡಗಳಂತೂ ಕೂಡಿ ಮಾತಾಡಿಕೊಂಡು ಐದು ವರ್ಷ ಪ್ರಸಾರವನ್ನೇ ಬಂದ್ ಮಾಡಿದ್ದವು. 1939ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಆ ಒಪ್ಪಂದ ಮುರಿದು ಕಾಮೆಂಟರಿಕಾರ ರೆಡ್ ಬಾರ್ಬರ್ ಅವರನ್ನು ಕರೆತಂದ ಮೇಲೆಯೇ ಅಲ್ಲಿ ಬೀದಿಬೀದಿಯಲ್ಲೂ ಬೇಸ್‌ಬಾಲ್ ಕೇಳಿಸತೊಡಗಿದ್ದು.

ರಾತ್ರಿ ಪಂದ್ಯಗಳು ಬಂದ ಮೇಲೆ ಭೌತವಿಜ್ಞಾನವೂ ಕೈಜೋಡಿಸಿತು. ಹಗಲಲ್ಲಿ ಅಯಾನುಗೋಳದ ಕೆಳಪದರ ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ತರಂಗಗಳು ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತವೆ. ಸೇಂಟ್ ಲೂಯಿಯ ಕೆಎಂಒಎಕ್ಸ್ ಕೇಂದ್ರದ 50,000 ವಾಟ್ ಪ್ರಸಾರ ರಾತ್ರಿಯಾದರೆ ಎಷ್ಟೋ ರಾಜ್ಯಗಳನ್ನು ದಾಟಿ ಹೋಗುತ್ತಿತ್ತು. ತಮ್ಮೂರ ಹತ್ತಿರ ತಂಡವೇ ಇಲ್ಲದ ದಕ್ಷಿಣದ, ಪಶ್ಚಿಮದ ಹಳ್ಳಿಗರು ಸೇಂಟ್ ಲೂಯಿಯ ಕಾರ್ಡಿನಲ್ಸ್ ತಂಡದ ಅಭಿಮಾನಿಗಳಾದದ್ದು ಹೀಗೆ. ಎಷ್ಟೋ ಮಂದಿ ಆ ತಂಡದ ಮೈದಾನವನ್ನು ಜೀವಮಾನದಲ್ಲಿ ಒಮ್ಮೆಯೂ ನೋಡಲಿಲ್ಲ. ಟ್ರಾನ್ಸಿಸ್ಟರನ್ನು ಕಿವಿಗೊತ್ತಿಕೊಂಡು, ಕೊರಕೊರ ಸದ್ದಿನ ನಡುವೆ ವಿದೇಶದ ಟೆಸ್ಟ್ ಪಂದ್ಯದ ಸ್ಕೋರು ಹಿಡಿಯುತ್ತಿದ್ದ ಕನ್ನಡಿಗರಿಗೆ ಈ ಸುಖ ಬಿಡಿಸಿ ಹೇಳಬೇಕಾದದ್ದಲ್ಲ.

ಕಾಣದೆ ಕೇಳಿದ್ದನ್ನು ನಂಬುವುದು ಧರ್ಮಗಳಿಗೆ ಹಳೆಯ ವಿಷಯ. ಹೋರೇಬ್ ಬೆಟ್ಟದ ಬುಡದಲ್ಲಿ ನಿಂತ ಜನರಿಗೆ ದೇವರ ದನಿ ಕೇಳಿಸಿತೇ ಹೊರತು ಯಾವ ರೂಪವೂ ಕಾಣಲಿಲ್ಲ ಎಂದು ಯೆಹೂದ್ಯರ ಧರ್ಮಗ್ರಂಥ ನೆನಪಿಸುತ್ತದೆ. ನಂಬಿಕೆ ಹುಟ್ಟುವುದು ಕಿವಿಯಿಂದ ಎಂದು ಸಂತ ಪೌಲ ರೋಮಿನವರಿಗೆ ಬರೆದ. ವೇದವನ್ನು ನಾವು ಶ್ರುತಿ ಎಂದೇ ಕರೆಯುತ್ತೇವೆ. ಆದರೆ ಕೇಳಿದ್ದೆಲ್ಲ ಜ್ಞಾನವಾಗುವುದಿಲ್ಲವಲ್ಲ. ಯಾರ ಮಾತನ್ನು ನಂಬಬೇಕು?

ನ್ಯಾಯದರ್ಶನ ಇದಕ್ಕೆ ನೇರ ಉತ್ತರ ಕೊಡುತ್ತದೆ: ಆಪ್ತನ ಮಾತನ್ನು. ಆಪ್ತ ಎಂದರೆ ಸಂಗತಿಯನ್ನು ತಾನೇ ಕಂಡವನು, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯುಳ್ಳವನು. ಭಾಷ್ಯಕಾರ ವಾತ್ಸ್ಯಾಯನ ಇನ್ನೊಂದು ಮಾತು ಸೇರಿಸುತ್ತಾನೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಹಾಗಿದ್ದರೆ ಬೇಸ್‌ಬಾಲ್ ಕಾಮೆಂಟರಿಕಾರನಿಗೂ ಅದು ಸಲ್ಲಬೇಕು.

ಸಲ್ಲುತ್ತದೋ ಇಲ್ಲವೋ ನೋಡಲು ಇಬ್ಬರನ್ನು ಅಕ್ಕಪಕ್ಕ ಇಡಬಹುದು. 1930ರ ದಶಕದಲ್ಲಿ ತಂಡ ಪರಊರಿಗೆ ಹೋದಾಗ ಕಾಮೆಂಟರಿಕಾರ ಜೊತೆಗೆ ಹೋಗುತ್ತಿರಲಿಲ್ಲ. ಸ್ಟುಡಿಯೊದಲ್ಲಿ ಕೂತು, ತಂತಿಯಲ್ಲಿ ಬರುವ ಒಂದೆರಡು ಪದದ ಸಂಕೇತ ನೋಡಿ, ಇಡೀ ಪಂದ್ಯವನ್ನು ಕಣ್ಣೆದುರೇ ನಡೆಯುತ್ತಿದೆಯೋ ಎಂಬಂತೆ ಹೇಳುತ್ತಿದ್ದ. ಅಯೋವಾದ ಡೆ ಮಾಯಿನ್ ನಗರದ ಡಬ್ಲ್ಯುಎಚ್‌ಒ ಕೇಂದ್ರದಲ್ಲಿ ಈ ಕೆಲಸ ಮಾಡುತ್ತಿದ್ದ ತರುಣನ ಹೆಸರು ರೊನಾಲ್ಡ್ ರೇಗನ್. ಸುಮಾರು ಐನೂರು ಕಿಲೋಮೀಟರ್ ದೂರದ ಷಿಕಾಗೊದಲ್ಲಿ ನಡೆಯುತ್ತಿದ್ದ ಕಬ್ಸ್ ಪಂದ್ಯದ ನಡುವೆ ಒಮ್ಮೆ ತಂತಿ ಕಡಿದುಹೋಯಿತು. ರೇಗನ್ ಅದನ್ನು ಹೇಳಲಿಲ್ಲ. ಚೆಂಡು ಗೆರೆಯಾಚೆ ಹೋಯಿತು, ಮತ್ತೆ ಹೋಯಿತು, ಇನ್ನೊಮ್ಮೆ ಹೋಯಿತು ಎನ್ನುತ್ತ ಬ್ಯಾಟರ್‌ನಿಂದ ಆರೇಳು ನಿಮಿಷ ಫೌಲ್ ಹೊಡೆಸಿದರು. ತಂತಿ ಸರಿಹೋದಾಗ ನೋಡಿದರೆ ಆ ಬ್ಯಾಟರ್ ಮೊದಲ ಚೆಂಡಿಗೇ ಔಟಾಗಿದ್ದ. ಅಧ್ಯಕ್ಷರಾದ ಮೇಲೂ ರೇಗನ್ ಈ ಕಥೆಯನ್ನು ನಗುನಗುತ್ತಲೇ ಹೇಳುತ್ತಿದ್ದರು.

ರೆಡ್ ಬಾರ್ಬರ್‌ಗೂ ಇದೇ ಕೆಲಸವಿತ್ತು. ಆದರೆ ಅವರು ಮೈಕನ್ನು ತಂತಿ ಯಂತ್ರದ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಅದರ ಟಕಟಕ ಸದ್ದು ಕೇಳುಗರಿಗೆ ಕೇಳಿಸುತ್ತಿರಬೇಕು, ತಾನು ಮೈದಾನದಲ್ಲಿಲ್ಲ ಎಂಬುದು ಅವರಿಗೆ ಗೊತ್ತಿರಬೇಕು. ಪ್ರೇಕ್ಷಕರ ಗದ್ದಲದ ರೆಕಾರ್ಡ್ ಹಾಕಿ ಕಿವಿಗೆ ಮಂಕುಬೂದಿ ಎರಚುವುದು ಅವರಿಗೆ ಆಗದು. ಇದೇ ಹಟ ಮುಂದೆ ಅವರಿಗೆ ದುಬಾರಿಯಾಯಿತು. 1966ರ ಸೆಪ್ಟೆಂಬರ್ 22ರಂದು ಅವರು ಯಾಂಕೀಸ್ ತಂಡದ ಟಿವಿ ಕಾಮೆಂಟರಿಯಲ್ಲಿದ್ದರು. ತಂಡ ಪಾತಾಳಕ್ಕಿಳಿದಿತ್ತು, ಆ ದೈತ್ಯ ಸ್ಟೇಡಿಯಂಗೆ ಬಂದಿದ್ದವರು 413 ಮಂದಿ. ಕ್ಯಾಮೆರಾವನ್ನು ಖಾಲಿ ಸೀಟುಗಳತ್ತ ತಿರುಗಿಸಿ ಎಂದು ಬಾರ್ಬರ್ ಕೇಳಿದರು, ಯಾರೂ ತಿರುಗಿಸಲಿಲ್ಲ. ಇಂದಿನ ಸುದ್ದಿ ಆಟವಲ್ಲ, ಈ ಖಾಲಿ ಮೈದಾನವೇ ಎಂದು ಅವರು ಬಾಯಿಬಿಟ್ಟೇ ಹೇಳಿದರು. ಕೆಲವೇ ದಿನಗಳಲ್ಲಿ ಅವರ ಕೆಲಸ ಹೋಯಿತು.

ವಾತ್ಸ್ಯಾಯನನ ಒರೆಗಲ್ಲಿಗೆ ಹಚ್ಚಿದರೆ ಯಾರು ಆಪ್ತ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಹಳಹಳಿಕೆಗೆ ಈ ಒರೆಗಲ್ಲಿನ ಗೊಡವೆ ಇದ್ದಂತಿಲ್ಲ. ಡೆಟ್ರಾಯಿಟ್‌ನಲ್ಲಿ ಟೈಗರ್ಸ್ ತಂಡಕ್ಕೆ 42 ಸೀಸನ್ ದನಿಯಾಗಿದ್ದ ಅರ್ನಿ ಹಾರ್ವೆಲ್ ಇದಕ್ಕೆ ಸಾಕ್ಷಿ. ಫೌಲ್ ಆಗಿ ಗ್ಯಾಲರಿಗೆ ಹಾರಿದ ಚೆಂಡನ್ನು ಹಿಡಿದವರು ಇಂಥ ಊರಿನವರು ಎಂದು ಅವರು ಮಿಷಿಗನ್‌ನ ಯಾವುದಾದರೂ ಊರಿನ ಹೆಸರು ಹೇಳುತ್ತಿದ್ದರು. ಒಮ್ಮೆ ಇಪ್ಸಿಲ್ಯಾಂಟಿ, ಇನ್ನೊಮ್ಮೆ ಸ್ಯಾಗಿನಾ. ಹಿಡಿದವರು ಯಾರೋ ಎಲ್ಲಿಯವರೋ ಹಾರ್ವೆಲ್‌ಗೆ ಗೊತ್ತೇ ಇರುತ್ತಿರಲಿಲ್ಲ. ಕೇಳುಗರು ಅದನ್ನು ಸುಳ್ಳೆಂದು ದೂರಲಿಲ್ಲ. ತಮ್ಮೂರಿನ ಸರದಿ ಯಾವಾಗ ಎಂದು ಕಾದರು. ಭಕ್ತ ಕ್ರೈಸ್ತರಾದ ಹಾರ್ವೆಲ್ ಪ್ರತಿವರ್ಷ ವಸಂತದ ಮೊದಲ ಪ್ರಸಾರವನ್ನು ಬೈಬಲ್ಲಿನ ಪರಮಗೀತೆಯಿಂದ, ಚಳಿಗಾಲ ಸರಿದು ಭೂಮಿ ಚಿಗುರುವ ಸಾಲುಗಳನ್ನು ಓದಿ ಶುರುಮಾಡುತ್ತಿದ್ದರು. 2010ರಲ್ಲಿ ಅವರು ತೀರಿಕೊಂಡಾಗ ಪಾರ್ಥಿವ ಶರೀರವನ್ನು ಟೈಗರ್ಸ್ ಮೈದಾನದಲ್ಲೇ ಇರಿಸಿದ್ದರು. ಅಂತಿಮ ದರ್ಶನಕ್ಕೆ ಸಾವಿರಾರು ಜನ ಸಾಲುಗಟ್ಟಿದರು.

ಅವರ ಬಾಳಿನದೇ ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು. 1951ರ ಅಕ್ಟೋಬರ್ 3ರಂದು ನ್ಯೂಯಾರ್ಕ್ ಜೈಂಟ್ಸ್‌ನ ಬಾಬಿ ಥಾಮ್ಸನ್ ಕೊನೆಯ ಗಳಿಗೆಯಲ್ಲಿ ಹೋಮ್ ರನ್ ಹೊಡೆದು ಡಾಡ್ಜರ್ಸ್ ಬಾಯಿಯಿಂದ ಪ್ರಶಸ್ತಿ ಕಿತ್ತುಕೊಂಡರು. ಆ ಪಂದ್ಯ ದೇಶದುದ್ದಕ್ಕೂ ಟಿವಿಯಲ್ಲಿ ಬರುತ್ತಿತ್ತು, ಟಿವಿಯ ಕಾಮೆಂಟರಿಕಾರ ಇದೇ ಹಾರ್ವೆಲ್. ಅವರ ಮಾತು ಎಲ್ಲೂ ಉಳಿಯಲಿಲ್ಲ. ಉಳಿದದ್ದು ರೇಡಿಯೊದಲ್ಲಿ ರಸ್ ಹಾಡ್ಜಸ್ ಕಿರುಚಿದ್ದು. ಅದೂ ಉಳಿದದ್ದು ಬ್ರೂಕ್ಲಿನ್‌ನ ಒಬ್ಬ ಅಭಿಮಾನಿಯ ದೆಸೆಯಿಂದ: ಕೆಲಸಕ್ಕೆ ಹೋಗಬೇಕಿದ್ದ ಆತ, ಪಂದ್ಯದ ಕೊನೆಯ ಭಾಗವನ್ನು ಟೇಪ್ ಮಾಡು ಎಂದು ಅಮ್ಮನಿಗೆ ಹೇಳಿಹೋಗಿದ್ದ. ಇಂದು ಆ ಹೊಡೆತದ ದೃಶ್ಯ ತೋರಿಸುವಾಗಲೆಲ್ಲ ಹಾಡ್ಜಸ್ ದನಿಯನ್ನೇ ಜೋಡಿಸುತ್ತಾರೆ. ಅಂದು ಟಿವಿಯಲ್ಲಿ ಕಂಡವರೂ ಹಾಡ್ಜಸ್ ಕೂಗನ್ನು ಕೇಳಿದ್ದೆವೆಂದೇ ನೆನೆಸಿಕೊಳ್ಳುವುದು ಸಾಧ್ಯವಾದದ್ದು ಹೀಗೆ.

ನ್ಯಾಯದರ್ಶನದ ತಾರ್ಕಿಕರು ಇಲ್ಲಿ ಅಲ್ಲವೆಂದು ತಲೆಯಾಡಿಸುತ್ತಾರೆ. ಅವರ ಪ್ರಕಾರ ಸ್ಮೃತಿ ಎಂದರೆ ಹಿಂದೆ ಅನುಭವಿಸಿದ್ದು ಸಂಸ್ಕಾರವಾಗಿ ಉಳಿದು ಮತ್ತೆ ಏಳುವುದು. ಅನುಭವವಿಲ್ಲದೆ ಸ್ಮೃತಿಯಿಲ್ಲ. ಪತಂಜಲಿಯ ಯೋಗಸೂತ್ರವೂ ಅನುಭವಿಸಿದ ವಿಷಯ ಜಾರಿಹೋಗದಿರುವುದನ್ನೇ ಸ್ಮೃತಿ ಎನ್ನುತ್ತದೆ. ಹಾಗಾಗಿ ಕಾಣದ ಮೈದಾನದ ನೆನಪು ನೆನಪೇ ಅಲ್ಲ, ಕೇಳದ ದನಿಯ ನೆನಪು ಶುದ್ಧ ಭ್ರಾಂತಿ.

ಈ ತೀರ್ಪನ್ನು ಹತ್ತು-ಹನ್ನೊಂದನೇ ಶತಮಾನದ ಕಾಶ್ಮೀರದ ಅಭಿನವಗುಪ್ತ ಒಪ್ಪುವುದಿಲ್ಲ. ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸದ ಪ್ರಶ್ನೆಯನ್ನು ಎತ್ತಿಕೊಂಡಾಗ ಆತ ಕಾಳಿದಾಸನ ಶಾಕುಂತಲದ ಐದನೇ ಅಂಕಕ್ಕೆ ಹೋಗುತ್ತಾನೆ. ಅರಮನೆಯಲ್ಲಿ ದುಷ್ಯಂತ ಕೂತಿದ್ದಾನೆ. ಒಳಗಿನಿಂದ ಹಂಸಪದಿಕೆಯ ಹಾಡು ತೇಲಿಬರುತ್ತದೆ, ಹಾಡುವವಳು ಕಾಣುವುದಿಲ್ಲ. ಪ್ರಿಯರಾದವರು ಯಾರೂ ಅಗಲಿಲ್ಲ, ಆದರೂ ನನಗೇಕೆ ಈ ತಳಮಳ ಎಂದು ಅವನು ಬೆರಗಾಗುತ್ತಾನೆ. ಶಾಪದಿಂದಾಗಿ ಶಕುಂತಲೆ ಅವನಿಗೆ ಮರೆತೇಹೋಗಿದ್ದಾಳೆ. ಸುಖಿಯಾದವನೂ ಇಂಪಾದುದನ್ನು ಕೇಳಿ ಕಳವಳಗೊಂಡರೆ, ಅವನ ಮನಸ್ಸು ತಾನರಿಯದೆಯೇ ಎಂದಿನದೋ ನಂಟನ್ನು ನೆನೆಯುತ್ತಿರಬೇಕು ಎಂದುಕೊಳ್ಳುತ್ತಾನೆ. ಅಭಿನವಗುಪ್ತ ಗುರುತಿಸುವುದು ಇದನ್ನೇ. ಈ ಸ್ಮೃತಿ ತಾರ್ಕಿಕರು ಬಲ್ಲ ಸ್ಮೃತಿಯಲ್ಲ, ಏಕೆಂದರೆ ಇದರ ವಿಷಯ ಹಿಂದೆ ಅನುಭವಕ್ಕೆ ಬಂದದ್ದೇ ಅಲ್ಲ. ಇದು ಒಂದು ಬಗೆಯ ಆಸ್ವಾದ. ಇಂಥ ಜಾಗ, ಇಂಥ ಕಾಲ, ಇಂಥ ವ್ಯಕ್ತಿ ಎಂಬ ಗುರುತುಗಳೆಲ್ಲ ಕಳಚಿಕೊಂಡ ಅನುಭವ.

ಲಾಸ್ ಏಂಜಲೀಸ್‌ನ ಆ ರಾತ್ರಿ ನೋಡದವರಿಗೂ ಕೇಳದವರಿಗೂ ದಕ್ಕುವ ಬಗೆ ಈಗ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ. ರೇಡಿಯೊ ಕೇಳುಗ ಬರೀ ಸುದ್ದಿ ಪಡೆಯುವವನಲ್ಲ. ‘ಎಡಗಡೆ ಎತ್ತರಕ್ಕೆ ಹೋಯಿತು’ ಎಂಬ ಮೂರು ಪದಕ್ಕೆ ಆಕಾಶ, ದೀಪ, ಓಡುವ ಫೀಲ್ಡರ್, ಎದ್ದುನಿಂತ ಜನ ಎಲ್ಲವನ್ನೂ ತುಂಬಿಕೊಟ್ಟವನು ಅವನೇ. ಮೈದಾನ ದೂರವಿದ್ದದ್ದು ಅವನ ಕೊರತೆಯಾಗಿರಲಿಲ್ಲ, ಕೆಲಸಕ್ಕೆ ಸಿಕ್ಕ ಜಾಗವಾಗಿತ್ತು. 1958ರಲ್ಲಿ ಡಾಡ್ಜರ್ಸ್ ತಂಡ ಲಾಸ್ ಏಂಜಲೀಸ್‌ಗೆ ಬಂದಾಗ ಮೊದಲು ಆಡಿದ್ದು ಕೊಲೀಸಿಯಂ ಎಂಬ ಅಗಾಧ ಮೈದಾನದಲ್ಲಿ. ಹಿಂದಿನ ಸಾಲುಗಳಿಗೆ ಆಟಗಾರರು ಚುಕ್ಕೆಗಳಂತೆ ಕಾಣುತ್ತಿದ್ದರು. ಜನ ಟ್ರಾನ್ಸಿಸ್ಟರ್ ತಂದು, ಎದುರಿಗೇ ನಡೆಯುತ್ತಿದ್ದ ಆಟವನ್ನು ಸ್ಕಲ್ಲಿ ಬಾಯಿಂದ ಕೇಳತೊಡಗಿದರು. ಎಷ್ಟರಮಟ್ಟಿಗೆ ಎಂದರೆ 1960ರಲ್ಲಿ ಒಂದು ದಿನ ಅಂಪೈರ್ ಫ್ರಾಂಕ್ ಸೆಕೊರಿ ಅವರ ಹುಟ್ಟುಹಬ್ಬವೆಂದು ಸ್ಕಲ್ಲಿ ರೇಡಿಯೊದಲ್ಲಿ ಹೇಳಿ ‘ಒಂದು, ಎರಡು, ಮೂರು’ ಎಂದು ಎಣಿಸಿದ್ದೇ ತಡ, ಇಡೀ ಸ್ಟೇಡಿಯಂ ಒಕ್ಕೊರಲಿನಿಂದ ಶುಭಾಶಯ ಕೂಗಿತು. ಕಂಡದ್ದು ಗಟ್ಟಿಯಾಗಬೇಕಾದರೆ ಕೇಳಬೇಕಿತ್ತು.

ಕಾಲದ ವಿಷಯವೂ ಇದರಲ್ಲಿ ಸೇರಿದೆ. ಉತ್ತರ ಆಫ್ರಿಕಾದ ಬಿಷಪ್ ಸಂತ ಅಗಸ್ಟೀನ್ ನಾಲ್ಕನೇ ಶತಮಾನದ ಕೊನೆಗೆ ಬರೆಯತೊಡಗಿದ ‘ಕನ್ಫೆಷನ್ಸ್’ನಲ್ಲಿ ಕಾಲ ಎಂದರೇನು ಎಂದು ಒದ್ದಾಡುತ್ತಾನೆ. ಬಾಯಿಪಾಠವಾದ ಕೀರ್ತನೆಯೊಂದನ್ನು ಹೇಳುವುದು ಆತ ಕೊಡುವ ಉದಾಹರಣೆ. ಶುರುಮಾಡುವ ಮುನ್ನ ಮನಸ್ಸು ಇಡೀ ಕೀರ್ತನೆಯ ನಿರೀಕ್ಷೆಯಲ್ಲಿ ಚಾಚಿಕೊಂಡಿರುತ್ತದೆ. ಹೇಳುತ್ತ ಹೋದಂತೆ ನಿರೀಕ್ಷೆ ಕುಗ್ಗಿ ನೆನಪು ಹಿಗ್ಗುತ್ತದೆ. ಎರಡರ ನಡುವೆ ಗಮನ ನಿಂತಿರುತ್ತದೆ. ಕಾಲ ಇರುವುದು ಮನಸ್ಸಿನ ಈ ಚಾಚುವಿಕೆಯಲ್ಲೇ. ಗಡಿಯಾರವಿಲ್ಲದ ಆಟ ಎಂದೇ ಬೇಸ್‌ಬಾಲ್‌ಗೆ ಹೆಸರಿತ್ತು. ಎರಡು ಪಿಚ್‌ಗಳ ನಡುವಿನ ಖಾಲಿ ಹೊತ್ತು ಕೇಳುಗನ ಪಾಲಿಗೆ ಹೀಗೆ ಚಾಚಿಕೊಂಡ ಹೊತ್ತೇ. 2023ರಲ್ಲಿ ಮೇಜರ್ ಲೀಗ್ ಪಿಚರ್‌ಗೆ ಗಡಿಯಾರ ಕಟ್ಟಿತು: ಬೇಸ್ ಖಾಲಿಯಿದ್ದರೆ 15 ಸೆಕೆಂಡ್, ಓಟಗಾರರಿದ್ದರೆ 20. ಮೂರು ಗಂಟೆ ದಾಟುತ್ತಿದ್ದ ಸರಾಸರಿ ಪಂದ್ಯ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಟಿವಿ ನೋಡುವವರು ಖುಷಿಪಟ್ಟರು. ಕಾಮೆಂಟರಿಯಲ್ಲಿ ಹಳೆಯ ಕಥೆ ತೆಗೆಯಲು ಸಿಗುತ್ತಿದ್ದ ಪುರಸೊತ್ತು ಕಿರಿದಾಯಿತು.

ಹಾಗೆಂದು ರೇಡಿಯೊ ಬೇಸ್‌ಬಾಲ್ ಸತ್ತಿಲ್ಲ. ಇಂದಿಗೂ ತಂಡಗಳ ಪಂದ್ಯಗಳು ರೇಡಿಯೊದಲ್ಲಿ ಬರುತ್ತವೆ. ಫೋನಿನಲ್ಲಿ ಯಾವ ಊರಿನ ಪ್ರಸಾರ ಬೇಕಾದರೂ ಸ್ಪಷ್ಟವಾಗಿ ಕೇಳಿಸುತ್ತದೆ. ಹೋಗಿರುವುದು ಬೇರೆ ದಾರಿಯಿಲ್ಲದ ಸ್ಥಿತಿ. ಕಾಣಲು ಆಗದು ಎಂದಾಗ ಕಿವಿ ಮಾಡುತ್ತಿದ್ದ ದುಡಿಮೆಯನ್ನು, ಕಾಣಬಹುದು ಆದರೂ ಬೇಡ ಎಂದಾಗ ಅಷ್ಟೇ ನಿಷ್ಠೆಯಿಂದ ಮಾಡುವುದಿಲ್ಲ.

ಹಂಬಲವನ್ನು ಹೀಗೆ ರಸವೆಂದು ಸಮರ್ಥಿಸಿಕೊಳ್ಳುವುದು ಸುಲಭ. ಅದರ ಅಪಾಯವೂ ಅಲ್ಲೇ ಇದೆ. ಅಭಿನವಗುಪ್ತನ ರಸ ದೇಶಕಾಲಗಳ ಗುರುತು ಕಳಚಿಕೊಂಡದ್ದು. ಹಳಹಳಿಕೆ ಮಾತ್ರ ಸದ್ದಿಲ್ಲದೆ ಆ ಗುರುತುಗಳನ್ನು ಮತ್ತೆ ಹಚ್ಚುತ್ತದೆ: ‘ಆ ಕಾಲ ಒಳ್ಳೆಯದಿತ್ತು’, ‘ಆಗ ಜನ ಒಂದಾಗಿದ್ದರು’. ಇದು ರಸವಲ್ಲ, ಚರಿತ್ರೆಯ ಬಗ್ಗೆ ಆಡಿದ ಮಾತು. ಇಂಥ ಮಾತು ಬಂದ ಕ್ಷಣ ತಾರ್ಕಿಕರು ಮತ್ತೆ ಒಳಗೆ ಬರಬೇಕು, ಸಾಕ್ಷಿ ಕೇಳಬೇಕು. ಥಾಮ್ಸನ್ ಹೊಡೆತದ ಹಿಂದೆ ಜೈಂಟ್ಸ್ ತಂಡ ಆ ಸೀಸನ್‌ನಲ್ಲಿ ದುರ್ಬೀನು ಇಟ್ಟು, ತಂತಿ ಎಳೆದು ಎದುರಾಳಿಯ ಸನ್ನೆ ಕದಿಯುತ್ತಿತ್ತು ಎಂಬ ಸಂಗತಿ 2001ರಲ್ಲಿ ವಿವರವಾಗಿ ಬಯಲಾಯಿತು. ಆ ಒಂದು ಚೆಂಡಿನ ಸನ್ನೆ ತನಗೆ ಸಿಕ್ಕಿರಲಿಲ್ಲ ಎಂದು ಥಾಮ್ಸನ್ ಹೇಳಿದರು. ಹಾಡ್ಜಸ್ ಕೂಗಿನಲ್ಲಿ ದುರ್ಬೀನಿನ ಸುಳಿವಿಲ್ಲ.

ರೇಡಿಯೊದ ಮೊದಲ ಇಪ್ಪತ್ತೈದು ವರ್ಷ ಮೇಜರ್ ಲೀಗ್‌ನಲ್ಲಿ ಕಪ್ಪು ಆಟಗಾರರೇ ಇರಲಿಲ್ಲ. ಜಾಕಿ ರಾಬಿನ್ಸನ್ ಬಂದದ್ದು 1947ರ ಏಪ್ರಿಲ್ 15ಕ್ಕೆ. ಕಪ್ಪು ಆಟಗಾರನನ್ನು ತರುತ್ತೇನೆಂದು ಡಾಡ್ಜರ್ಸ್‌ನ ಮುಖ್ಯಸ್ಥ ಬ್ರಾಂಚ್ ರಿಕಿ ಮೊದಲೇ ಕಿವಿಗೆ ಹಾಕಿದಾಗ, ಮಿಸಿಸಿಪಿಯಲ್ಲಿ ಹುಟ್ಟಿದ ಬಾರ್ಬರ್ ಮನೆಗೆ ಹೋಗಿ ಹೆಂಡತಿ ಲೈಲಾ ಮುಂದೆ ಕೆಲಸ ಬಿಡುವ ಮಾತಾಡಿದರು. ಅವಸರ ಬೇಡ ಎಂದರು ಆಕೆ. ಬಾರ್ಬರ್ ಯೋಚಿಸಿದರು. ತನ್ನ ಕೆಲಸ ನಡೆದದ್ದನ್ನು ಹೇಳುವುದು, ಯಾರು ಆಡಬೇಕೆಂದು ನಿರ್ಧರಿಸುವುದಲ್ಲ ಎಂಬಲ್ಲಿಗೆ ಬಂದು ಮುಟ್ಟಿದರು, ಉಳಿದರು. ಆಪ್ತನಾಗಿರುವುದು ಸ್ವಭಾವವಲ್ಲ, ತನ್ನದೇ ಪೂರ್ವಗ್ರಹದ ಎದುರು ಹಿಡಿದು ನಿಲ್ಲಬೇಕಾದ ಶಿಸ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೋಫ್ಯಾಕ್ಸ್ ವಿಷಯದಲ್ಲಿ ಆಡದ ಆಟದ ನೆನಪೂ ಒಂದುಂಟು. ಪರ್ಫೆಕ್ಟ್ ಗೇಮ್ ಆಗಿ ಒಂದು ತಿಂಗಳು ತುಂಬುವ ಮೊದಲೇ, 1965ರ ಅಕ್ಟೋಬರ್ 6ರಂದು, ವರ್ಲ್ಡ್ ಸೀರೀಸ್ ಶುರುವಾಯಿತು. ಅಂದು ಯೆಹೂದ್ಯರ ಯೋಮ್ ಕಿಪ್ಪುರ್, ಪ್ರಾಯಶ್ಚಿತ್ತದ ದಿನ. ಯೆಹೂದ್ಯರಾದ ಕೋಫ್ಯಾಕ್ಸ್ ಕಟ್ಟಾ ಧಾರ್ಮಿಕರೇನಲ್ಲ, ಆದರೂ ಆಡಲಿಲ್ಲ. ಅವರ ಬದಲು ಪಿಚ್ ಮಾಡಿದ ಡಾನ್ ಡ್ರೈಸ್‌ಡೇಲ್ ಸೋತರು, ಮಿನೆಸೋಟ ಟ್ವಿನ್ಸ್ 8-2ರಿಂದ ಗೆದ್ದಿತು. ಏಳನೇ ಪಂದ್ಯದಲ್ಲಿ ಕೋಫ್ಯಾಕ್ಸ್ ಸರಣಿ ಗೆದ್ದುಕೊಟ್ಟರು. ಆದರೆ ಅಮೆರಿಕದ ಯೆಹೂದ್ಯ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದದ್ದು ಅವರು ಆಡದೆ ಉಳಿದ ಪಂದ್ಯವನ್ನು.

ಹಾಗಾದರೆ ಸ್ಕಲ್ಲಿ ದನಿ ತೇಲಿಬಂದ ಆ ಡಾಡ್ಜರ್ ಸ್ಟೇಡಿಯಂ? ಅದು ನಿಂತಿರುವ ಚಾವೇಸ್ ರವೀನ್ ಗುಡ್ಡಗಳಲ್ಲಿ ಪಾಲೊ ವೆರ್ಡೆ, ಲಾ ಲೋಮಾ, ಬಿಷಪ್ ಎಂಬ ಮೆಕ್ಸಿಕನ್-ಅಮೆರಿಕನ್ ಕೇರಿಗಳಿದ್ದವು. ಸರ್ಕಾರಿ ವಸತಿ ಯೋಜನೆಯ ಹೆಸರಿನಲ್ಲಿ ಅಲ್ಲಿನವರನ್ನು ಎಬ್ಬಿಸಿದರು, ಯೋಜನೆ ರದ್ದಾಯಿತು, ಜಾಗ ಬೇಸ್‌ಬಾಲ್‌ಗೆ ಹೋಯಿತು. 1959ರ ಮೇ ತಿಂಗಳಲ್ಲಿ ಕೊನೆಗೆ ಉಳಿದವರನ್ನು ಪೊಲೀಸರು ಎತ್ತಿ ಹೊರಹಾಕಿದರು. ಈಕ್ವೆಡಾರ್‌ನಿಂದ ಬಂದಿದ್ದ ಹೈಮೆ ಹರೀನ್ ಅದೇ ವರ್ಷ ಡಾಡ್ಜರ್ಸ್ ಪಂದ್ಯಗಳ ಸ್ಪ್ಯಾನಿಷ್ ಕಾಮೆಂಟರಿಗೆ ಸೇರಿದರು, 2022ರವರೆಗೂ ಮುಂದುವರಿದರು. ಮೊದಲ ಕೆಲವು ವರ್ಷ ಸ್ಪ್ಯಾನಿಷ್ ಕಾಮೆಂಟರಿ ತಂಡವನ್ನು ಪರಊರಿನ ಪಂದ್ಯಗಳಿಗೆ ಕಳಿಸುತ್ತಿರಲಿಲ್ಲ. ಹರೀನ್ ಸ್ಟುಡಿಯೊದಲ್ಲಿ ಕೂತು, ಕಿವಿಯಲ್ಲಿ ಇಂಗ್ಲಿಷ್ ಪ್ರಸಾರ ಕೇಳುತ್ತ, ಬಾಯಲ್ಲಿ ಸ್ಪ್ಯಾನಿಷ್‌ನಲ್ಲಿ ಪಂದ್ಯ ಕಟ್ಟುತ್ತಿದ್ದರು. ಕಂಡವರು ಸ್ಕಲ್ಲಿ ಮತ್ತವರ ಜೊತೆಗಾರ, ಹೇಳುವವರು ಹರೀನ್. ಆಪ್ತನಿಂದ ಕೇಳಿದ ಆಪ್ತ.

1981ರಲ್ಲಿ ಮೆಕ್ಸಿಕೊದ ಹಳ್ಳಿಯಿಂದ ಬಂದ ತರುಣ ಪಿಚರ್ ಫರ್ನಾಂಡೊ ವ್ಯಾಲೆನ್ಸುವೆಲಾ ಒಂದರ ಮೇಲೊಂದು ಪಂದ್ಯ ಗೆಲ್ಲುತ್ತ ಹೋದಾಗ ಹರೀನ್ ಅವರ ದುಭಾಷಿಯೂ ಆದರು. ಆ ಸ್ಟೇಡಿಯಂಗೆ ಕಾಲಿಡುವುದಿಲ್ಲ ಎಂದಿದ್ದ ಎಷ್ಟೋ ಮೆಕ್ಸಿಕನ್-ಅಮೆರಿಕನ್ ಮನೆಗಳಲ್ಲಿ ರೇಡಿಯೊ ತಿರುಗಿತು, ಆಮೇಲೆ ಕಾಲೂ ತಿರುಗಿತು. ಆ ಮನೆಗಳಲ್ಲಿ ಬೆಳೆದವರೂ ಈಗ ಹರೀನ್ ದನಿಗಾಗಿ ಹಳಹಳಿಸುತ್ತಾರೆ. ಅಜ್ಜಿ-ತಾತಂದಿರ ಅಂಗಳ ಯಾವ ಪಾರ್ಕಿಂಗ್ ಜಾಗದ ಅಡಿಗೆ ಹೋಯಿತೆಂದು ಬಲ್ಲವರೂ ಅವರಲ್ಲಿದ್ದಾರೆ. ಆ ದನಿಗಾಗಿ ಹಂಬಲಿಸಲು ಆ ಅಂಗಳವನ್ನು ಮರೆಯಬೇಕೆಂದು ಅವರಿಗೆ ಅನ್ನಿಸಿಲ್ಲ.